ಅರ್ಥಕ್ಕೆ ಮೊದಲು ಪಾಠಶುದ್ಧಿ: ಸಂತ ಆಗಸ್ಟೀನರ ಓದಿನ ಕ್ರಮ

ಹಿಪ್ಪೋದ (ಈಗಿನ ಅಲ್ಜೀರಿಯಾದ ಅನ್ನಾಬಾ) ಬಿಷಪ್ ಆಗಸ್ಟೀನರ ಬೈಬಲ್ ವ್ಯಾಖ್ಯಾನ ವಿಧಾನವನ್ನು ಹಲವರು ಒಂದೇ ಸೂತ್ರದಲ್ಲಿ ಮುಗಿಸಿಬಿಡುತ್ತಾರೆ: ದೇವರ ಮೇಲೂ ನೆರೆಯವರ ಮೇಲೂ ಪ್ರೀತಿ ಬೆಳೆಸದ ಅರ್ಥ ಅರ್ಥವೇ ಅಲ್ಲ. ಸೂತ್ರ ಅವರದೇ. ಆದರೆ ಪ್ರೀತಿ ಬೆಳೆಸುವ ಅರ್ಥವೂ ಲೇಖಕನ ಉದ್ದೇಶ ತಪ್ಪಿದ್ದರೆ ತಿದ್ದಲೇಬೇಕು, ಇಲ್ಲವಾದರೆ ಅಡ್ಡದಾರಿಯೇ ಅಭ್ಯಾಸವಾಗುತ್ತದೆ ಎಂದೂ ಅವರು ಹೇಳಿದ್ದಾರೆ. 396ರ ಸುಮಾರಿಗೆ ತೊಡಗಿ 426-27ರಲ್ಲಿ ಮುಗಿಸಿದ ‘ಕ್ರೈಸ್ತ ಬೋಧನೆ’ ಗ್ರಂಥದ ದೊಡ್ಡ ಭಾಗ ಈ ತಿದ್ದುಪಡಿಗೇ ಮೀಸಲು.

ಮೊದಲು ಬೈಬಲಿನ ಎಲ್ಲ ಪುಸ್ತಕಗಳನ್ನೂ ಓದಿ, ಅರ್ಥವಾಗದಿದ್ದರೂ ನೆನಪಿನಲ್ಲಿಡಬೇಕು. ಅರ್ಥಕ್ಕೆ ಕೈಹಾಕುವ ಮುನ್ನ ಪ್ರತಿಯ ತಪ್ಪು ತಿದ್ದಬೇಕು. ಆಮೇಲೆ ಹಲವು ಲ್ಯಾಟಿನ್ ಅನುವಾದಗಳನ್ನು ಅಕ್ಕಪಕ್ಕ ಇಟ್ಟು, ಅನುಮಾನ ಬಂದಲ್ಲಿ ಗ್ರೀಕ್ ನೋಡಬೇಕು. ರಕ್ತ ಸುರಿಸಲು ದುಷ್ಟರ ಕಾಲುಗಳು ‘ಹರಿತ’ ಎಂದು ಒಂದು ಅನುವಾದದಲ್ಲಿತ್ತು. ಗ್ರೀಕಿನ ‘ಒಕ್ಸಿಸ್’ಗೆ ಹರಿತ, ಚುರುಕು ಎರಡೂ ಅರ್ಥ, ಇಲ್ಲಿ ಬೇಕಾದದ್ದು ಚುರುಕು.

ನನಗೆ ಬಹಳ ಮೆಚ್ಚುಗೆಯಾಗುವುದು 139ನೆಯ ಕೀರ್ತನೆಯ ಒಂದು ಪದದ ಉದಾಹರಣೆ. ಲ್ಯಾಟಿನ್ ‘ಓಸ್’ ದೀರ್ಘವಾದರೆ ಬಾಯಿ, ‘ಒಸ್’ ಹ್ರಸ್ವವಾದರೆ ಎಲುಬು. ಬರಹದಲ್ಲಿ ಎರಡೂ ಒಂದೇ. ಆಫ್ರಿಕಾದ ಜನರ ಕಿವಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಗ್ರೀಕ್ ನೋಡಿದರೆ ಎಲುಬು ಎಂಬುದು ಖಚಿತ. ಹಾಗಾದರೆ ಬೋಧಕ, ವ್ಯಾಕರಣಜ್ಞರು ಮೂಗು ಮುರಿದರೂ ಸರಿ, ಜನಬಳಕೆಯ ‘ಒಸ್ಸುಮ್’ ಎನ್ನಲಿ ಎನ್ನುತ್ತಾರೆ ಆಗಸ್ಟೀನ್. ಕೇಳುಗರ ಬಗ್ಗೆ ಎಂಥ ಕಾಳಜಿ!

ವಿರಾಮ ಎಲ್ಲಿ ಕೊಡಬೇಕೆಂಬುದೂ ವ್ಯಾಖ್ಯಾನವೇ. ಯೋಹಾನನ ಸುವಾರ್ತೆಯ ಮೊದಲ ವಚನದಲ್ಲಿ ‘ದೇವರು ಇದ್ದನು’ ಎಂದು ನಿಲ್ಲಿಸಿ ‘ವಾಕ್ಯ’ (ಅಂದರೆ ಕ್ರಿಸ್ತ) ಎಂಬ ಪದವನ್ನು ಮುಂದಿನ ವಚನಕ್ಕೆ ಸೇರಿಸಿದರೆ, ವಾಕ್ಯವೇ ದೇವರೆಂಬ ಮಾತು ಮಾಯವಾಗುತ್ತದೆ. ಇಂಥಲ್ಲಿ ಕ್ರೈಸ್ತ ಸಭೆಯ ವಿಶ್ವಾಸದ ನಿಯಮ, ಅಂದರೆ ಅದು ಒಪ್ಪಿದ ಮೂಲ ನಂಬಿಕೆ, ನೋಡಬೇಕು. ಅದೂ ಎರಡಕ್ಕೂ ಎಡೆಕೊಟ್ಟರೆ ಹಿಂದುಮುಂದಿನ ಸಂದರ್ಭ ನೋಡಬೇಕು.

ರೂಪಕದ ಸರದಿ ಇದಾದ ಮೇಲೆ. ಸಿಂಹ ಒಂದೆಡೆ ಕ್ರಿಸ್ತ (ಪ್ರಕಟನೆ 5:5), ಇನ್ನೊಂದೆಡೆ ಸೈತಾನ (1 ಪೇತ್ರ 5:8). ಸಿಂಹಕ್ಕೆ ಇದೇ ಅರ್ಥವೆಂದು ಪಟ್ಟಿ ಬರೆದಿಟ್ಟುಕೊಂಡವರು ಎಡವುವುದು ಇಲ್ಲೇ.

ಆಗಸ್ಟೀನರಿಗೆ ಹೀಬ್ರೂ ಬರುತ್ತಿರಲಿಲ್ಲ. ಹಳೆಯ ಒಡಂಬಡಿಕೆಗೆ ಅದರ ಹಳೆಯ ಗ್ರೀಕ್ ಅನುವಾದವಾದ ಸೆಪ್ಟುವಜಿಂಟನ್ನೇ ಕೊನೆಯ ಮಾತೆಂದು ನಂಬಿದ್ದರು. ಓಯಾದಲ್ಲಿ (ಈಗಿನ ಟ್ರಿಪೋಲಿ) ವಿದ್ವಾಂಸ ಜೆರೋಮರು ಹೀಬ್ರೂವಿನಿಂದ ಮಾಡಿದ ಹೊಸ ಲ್ಯಾಟಿನ್ ಅನುವಾದ ಓದಿದಾಗ, ಪ್ರವಾದಿ ಯೋನನ ಕಥೆಯ ಗಿಡದ ಹೆಸರು ಬದಲಾಗಿದ್ದಕ್ಕೆ ಗದ್ದಲವೆದ್ದಿತ್ತು. ಅದನ್ನು 403ರಲ್ಲಿ ಜೆರೋಮರಿಗೆ ಬರೆದು ತಿಳಿಸಿದ ಆಗಸ್ಟೀನ್, ಹೀಬ್ರೂವಿನಿಂದಲ್ಲ, ಸೆಪ್ಟುವಜಿಂಟಿನಿಂದಲೇ ಅನುವಾದಿಸಿ ಎಂದು ಕೇಳಿಕೊಂಡರು.