ಯಾಣದ ಬಂಡೆ ಸುಟ್ಟು ಕಪ್ಪಾಗಿದ್ದಾ?

ಪ್ರಶ್ನೆ: ಭಸ್ಮಾಸುರ ಸುಟ್ಟುಹೋದ ಜಾಗ, ಅದಕ್ಕೇ ಯಾಣದ ಬಂಡೆ ಕಪ್ಪು ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಿಜಕ್ಕೂ ಅಲ್ಲಿ ಬೆಂಕಿ, ಜ್ವಾಲಾಮುಖಿ ಏನಾದರೂ ಇತ್ತಾ?

ಉತ್ತರ: ಇಲ್ಲ. ಉತ್ತರ ಕನ್ನಡದ ಕಾಡಿನ ನಡುವೆ ಇರುವ ಯಾಣದ ಬಂಡೆಗಳನ್ನು ಕೆತ್ತಿದ್ದು ನೀರು.

ಅದು ಸುಣ್ಣದ ಕಲ್ಲು. ಎಲೆಯಡಿಕೆಗೆ ಹಚ್ಚುವ ಸುಣ್ಣ ಹೇಗೆ ಆಗುತ್ತದೆ ನೆನಪು ಮಾಡಿಕೊಳ್ಳಿ. ಕರಾವಳಿಯಲ್ಲಿ ಚಿಪ್ಪು ಸುಡುತ್ತಾರೆ, ಬೇರೆ ಕಡೆ ಕಲ್ಲು ಸುಡುತ್ತಾರೆ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಕಾವಿಗೆ ಅದು ಬೆಳ್ಳಗಿನ ಸುಣ್ಣವಾಗುತ್ತದೆ. ಯಾಣ ನಿಜಕ್ಕೂ ಸುಟ್ಟಿದ್ದರೆ ಬೆಳ್ಳಗಾಗಿ, ಒಂದೆರಡು ಮಳೆಗಾಲಕ್ಕೇ ಅರಳಿ ಪುಡಿಯಾಗುತ್ತಿತ್ತು. ಇಂಥ ಕಲ್ಲು ಕಪ್ಪಾಗುವುದು ಅದರೊಳಗೆ ಸೇರಿದ ಬೇರೆ ಅಂಶಗಳಿಂದ. ಜೊತೆಗೆ ಸದಾ ತೇವ ಇರುವ ಕಡೆ ಪಾಚಿ, ಕಲ್ಲುಹೂವು ಹತ್ತಿ ಇನ್ನೂ ಕಪ್ಪಾಗುತ್ತದೆ.

ಮಳೆನೀರು ಗಾಳಿಯಿಂದ, ಕಾಡಿನ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಬಿರುಕಿದ್ದಲ್ಲಿ ಜಾಸ್ತಿ, ಗಟ್ಟಿ ಇದ್ದಲ್ಲಿ ಕಡಿಮೆ. ಬಂಡೆಯ ಮೇಲೆ ಕೈಯಾಡಿಸಿ ನೋಡಿ. ಅಂಚು ಚೂಪು, ನಡುವೆ ನೀರಿಳಿದ ಗೀರುಗಳು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡೂ ಹೀಗೆ ಕರಗದೆ ಉಳಿದ ಭಾಗಗಳು.

ಅಜ್ಜಿಯ ಕಥೆಯನ್ನು ಮಾತ್ರ ಬಿಡಬೇಡಿ. ತಾನು ಯಾರ ತಲೆ ಮುಟ್ಟಿದರೂ ಅವರು ಭಸ್ಮವಾಗಲಿ ಅಂತ ಶಿವನಿಂದಲೇ ವರ ಪಡೆದ ಅಸುರ, ಶಿವನನ್ನೇ ಅಟ್ಟಿಸಿಕೊಂಡು ಬಂದ. ವಿಷ್ಣು ಮೋಹಿನಿಯಾಗಿ ಕುಣಿದ. ಅವಳಂತೆ ಕುಣಿಯುತ್ತಾ ಅಸುರ ತನ್ನ ತಲೆ ಮೇಲೇ ಕೈಯಿಟ್ಟ. ಬಂಡೆಯ ಬುಡದ ಕರಿಮಣ್ಣು ಅವನ ಬೂದಿ ಅನ್ನುತ್ತಾರೆ. ‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ’ ಅನ್ನೋ ಗಾದೆ ಕೇಳಿರುತ್ತೀರಿ, ಅಲ್ವಾ? ರಸ್ತೆಯಿಲ್ಲದ ಕಾಲದಲ್ಲಿ ಆ ಕಾಡು ದಾಟಲು ಎದೆಗಾರಿಕೆ ಬೇಕಿತ್ತು.

ನನಗೆ ಇಷ್ಟವಾಗುವುದೇನೆಂದರೆ, ಊರಿನವರ ಕಥೆಯಲ್ಲೂ ನೀರು ಇದೆ. ಭೈರವೇಶ್ವರ ಶಿಖರದ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಅದನ್ನು ಗಂಗೆ ಅನ್ನುತ್ತಾರೆ. ಮುಂದೆ ಅದೇ ಚಂಡಿಹೊಳೆಯಾಗಿ ಅಘನಾಶಿನಿಗೆ ಸೇರುತ್ತದೆ. ಶಿವರಾತ್ರಿ ಜಾತ್ರೆಗೆ ಹೋದರೆ ಗದ್ದಲ ಕಡಿಮೆಯಾಗುವವರೆಗೆ ಅಲ್ಲೇ ನಿಂತಿರಿ. ಒಂದೊಂದೇ ಹನಿ ಬೀಳುವ ಸದ್ದು ಕೇಳಿಸುತ್ತದೆ.