ಆನ್‌ಲೈನ್ ಅಂಗಡಿಗೆ ಕ್ರಿಪ್ಟೋ ರೊಕ್ಕ: ನಿಷೇಧವೂ ಇಲ್ಲ, ಒಪ್ಪಿಗೆಯೂ ಇಲ್ಲ

ಧಾರವಾಡದ ಕಸೂತಿ, ಬೆಟಗೇರಿಯ ಕೈಮಗ್ಗದ ಸೀರೆ, ಬ್ಯಾಡಗಿ ಮೆಣಸಿನಪುಡಿ. ಇವನ್ನೆಲ್ಲ ಮೊಬೈಲ್ ಹಿಡಿದುಕೊಂಡೇ ದೂರದ ಊರಿಗೆ ಮಾರುವವರು ನಮ್ಮ ಕಡೆ ಈಗ ಜಾಸ್ತಿಯಾಗಿದ್ದಾರೆ. ಹೊರದೇಶದ ಗಿರಾಕಿ ಸಿಕ್ಕರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಕ್ರಿಪ್ಟೋದಲ್ಲಿ ಕೊಟ್ಟರೆ ನಡೆಯುತ್ತಾ? ಕ್ರಿಪ್ಟೋ ಅಂದರೆ ಬಿಟ್‌ಕಾಯಿನ್‌ನಂಥ, ಇಂಟರ್ನೆಟ್‌ನಲ್ಲಷ್ಟೇ ಇರುವ ಹಣ. ಹೂಂ ಅಂದುಬಿಡುವ ಮೊದಲು ಇದು ಇಲ್ಲಿಯವರೆಗೆ ಬಂದ ದಾರಿ ಗೊತ್ತಿರಬೇಕು.

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಬಗ್ಗೆ ಬರಹ ಹೊರಬಿದ್ದದ್ದು 2008ರ ಅಕ್ಟೋಬರ್‌ನಲ್ಲಿ. ನಡುವೆ ಬ್ಯಾಂಕ್ ಇಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ನೇರ ಹಣ ಹೋಗಬೇಕು, ಇಷ್ಟೇ ಅದರ ಗುರಿ. 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬರು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಪಿಜ್ಜಾ ಅಂಗಡಿಯವರು ಬಿಟ್‌ಕಾಯಿನ್ ಮುಟ್ಟಲೇ ಇಲ್ಲ. ಅದನ್ನು ತೆಗೆದುಕೊಂಡವನು ಇನ್ನೊಬ್ಬ. ಅಂಗಡಿಗೆ ಸಂದಾಯವಾದದ್ದು ಮಾಮೂಲಿ ಹಣ. ಮುಂದೆ ಬಂದ ಕ್ರಿಪ್ಟೋ ಪೇಮೆಂಟ್ ಗೇಟ್‌ವೇಗಳೂ ಬಹುಪಾಲು ಮಾಡಿದ್ದು ಇದನ್ನೇ. ಗಿರಾಕಿಯಿಂದ ಕಾಯಿನ್ ಪಡೆದು, ಅಂಗಡಿಗೆ ಡಾಲರ್ ಕೊಡುವುದು.

ಅಂಗಡಿಕಾರರಿಗೆ ಇದರಲ್ಲಿ ಆಸೆ ಹುಟ್ಟಿದ್ದಕ್ಕೆ ಸರಿಯಾದ ಕಾರಣವಿತ್ತು. ಹೊರದೇಶದ ಕಾರ್ಡ್ ಪೇಮೆಂಟಿಗೆ ಕಮಿಷನ್ ಹೋಗುತ್ತದೆ, ಡಾಲರ್ ಬದಲಿಸುವಾಗ ಇನ್ನಷ್ಟು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಮಾಲು ತಲುಪಿ ಎಷ್ಟೋ ದಿನವಾದ ಮೇಲೂ ಗಿರಾಕಿ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯಬಹುದು. ಗಂಟು ಹಾಕದೆ, ಎರಡೂ ಕಡೆ ಒಂದೇ ಥರ ಕಾಣುವಂತೆ ಎಳೆ ಎಣಿಸಿ ಗವಂತಿ ಕಸೂತಿ ಹಾಕಿದ ಹೆಣ್ಣುಮಗಳಿಗೆ ಸೀರೆಯೂ ಹೋಯ್ತು, ರೊಕ್ಕವೂ ಹೋಯ್ತು ಅನ್ನುವ ಸ್ಥಿತಿ ಬರಬಾರದು, ಅಲ್ವಾ? ಕ್ರಿಪ್ಟೋದಲ್ಲಿ ಒಮ್ಮೆ ಬಂದ ಹಣವನ್ನು ಯಾರೂ ವಾಪಸ್ ಎಳೆದುಕೊಳ್ಳಲಾರರು.

ಆದರೆ ಮೊದಲು ಉತ್ಸಾಹದಿಂದ ಬಂದ ದೊಡ್ಡವರೇ ಹಿಂದೆ ಸರಿದರು. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ 2016ರಲ್ಲಿ ಬಿಟ್‌ಕಾಯಿನ್ ತೆಗೆದುಕೊಳ್ಳಲು ಶುರು ಮಾಡಿ 2017ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಒಂದು ವ್ಯವಹಾರದ ಶುಲ್ಕ ಸುಮಾರು 20 ಡಾಲರ್‌ಗೆ ಏರಿತ್ತು. ಗಿರಾಕಿ ಹಣ ಕಳಿಸಿ ಅದು ಖಾತ್ರಿಯಾಗುವಷ್ಟರಲ್ಲಿ ಬೆಲೆಯೇ ಬದಲಾಗುತ್ತಿತ್ತು.

ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಕೊಟ್ಟದ್ದು 2013ರ ಡಿಸೆಂಬರ್‌ನಲ್ಲಿ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಈಗ ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಸ್ಕ್ಯಾನ್ ಮಾಡಿದರೆ ಹಣ ಬಂತೆಂದು ಅಂಗಡಿಯ ಸೌಂಡ್‌ಬಾಕ್ಸೇ ಕೂಗಿ ಹೇಳುತ್ತದೆ. ಅಂಗಡಿಗೆ ಕಮಿಷನ್ ಇಲ್ಲ, ಕಾಯುವುದೂ ಇಲ್ಲ. ಊರೊಳಗಿನ ವ್ಯಾಪಾರಕ್ಕೆ ಕ್ರಿಪ್ಟೋ ಬೇಕೆನ್ನುವ ಕಾರಣ ಅಲ್ಲಿಗೇ ಮುಗಿಯಿತು ಎಂದು ನನ್ನ ಲೆಕ್ಕ. ಉಳಿದದ್ದು ಹೊರದೇಶದ ಗಿರಾಕಿ ಮಾತ್ರ.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತು. ಅದೇ ವರ್ಷ ಬೆಂಗಳೂರಿನ ಒಂದು ಮಾಲ್‌ನಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಎಟಿಎಂ ಯಂತ್ರವನ್ನು ಪೊಲೀಸರು ಎತ್ತಿಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆಮೇಲೂ ಬ್ಯಾಂಕುಗಳು ಹಳೆಯ ಸುತ್ತೋಲೆಯನ್ನೇ ತೋರಿಸಿ ಗ್ರಾಹಕರನ್ನು ಹೆದರಿಸುತ್ತಿದ್ದವು. ಹಾಗೆ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಮೇನಲ್ಲಿ ಹೇಳಬೇಕಾಯಿತು. ಅದೇ ವರ್ಷದ ಚಳಿಗಾಲದ ಅಧಿವೇಶನಕ್ಕೆ ಕ್ರಿಪ್ಟೋ ಮಸೂದೆ ಪಟ್ಟಿಯಲ್ಲಿತ್ತು. ಮಂಡನೆ ಆಗಲೇ ಇಲ್ಲ.

ಕಾನೂನಿಗಿಂತ ಮೊದಲು ತೆರಿಗೆ ಬಂತು. 2022ರ ಬಜೆಟ್ ಕ್ರಿಪ್ಟೋ ಲಾಭಕ್ಕೆ 30 ಪ್ರತಿಶತ ತೆರಿಗೆ ಹಾಕಿತು, ಮೇಲೆ ಸೆಸ್ ಬೇರೆ. ಇದನ್ನು ಅಂಗಡಿಯ ಕಡೆಯಿಂದ ನೋಡೋಣ. 20,000 ರೂಪಾಯಿಯ ಸೀರೆ ಮಾರಿ ಅಷ್ಟೇ ಬೆಲೆಯ ಬಿಟ್‌ಕಾಯಿನ್ ತೆಗೆದುಕೊಂಡಿರಿ ಅಂದುಕೊಳ್ಳಿ. ವ್ಯಾಪಾರದ ಲೆಕ್ಕದಲ್ಲಿ 20,000 ಬಂತೆಂದು ಬರೆಯಲೇಬೇಕು. ತಿಂಗಳ ಮೇಲೆ ಅದನ್ನು 22,000ಕ್ಕೆ ಮಾರಿದರೆ ಹೆಚ್ಚಿನ 2,000ಕ್ಕೆ 600 ರೂಪಾಯಿ ತೆರಿಗೆ, ಸೆಸ್ ಬೇರೆ. 17,000ಕ್ಕೆ ಇಳಿದರೆ? ಆ 3,000 ನಿಮ್ಮ ಕೈಯಿಂದಲೇ ಹೋದದ್ದು. ಅದನ್ನು ಬೇರೆ ಯಾವ ಆದಾಯದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ನೂಲು, ಬಣ್ಣ, ಕೂಲಿ ಕಳೆದು ಉಳಿಯುವ ಲಾಭವೇ ಸಣ್ಣದಾಗಿರುವ ನೇಕಾರರ ಮನೆಗೆ ಇದು ದೊಡ್ಡ ಪೆಟ್ಟು.

ಬಹಳ ಜನ ಗಮನಿಸದ ಇನ್ನೊಂದು ಮಾತಿದೆ. 2022ರ ಜುಲೈ 1ರಿಂದ 1 ಪ್ರತಿಶತ ಟಿಡಿಎಸ್ ಬಂತು, ಅಂದರೆ ಕ್ರಿಪ್ಟೋ ಕೊಳ್ಳುವವರು ಹಣ ಕೊಡುವಾಗಲೇ ಹಿಡಿದು ಕಟ್ಟಬೇಕಾದ ತೆರಿಗೆ. ದೇಶದೊಳಗಿನ ಗಿರಾಕಿ ಕ್ರಿಪ್ಟೋ ಕೊಟ್ಟು ಸೀರೆ ಒಯ್ದರೆ, ಕಾನೂನಿನ ಕಣ್ಣಿಗೆ ಅವನು ಕ್ರಿಪ್ಟೋ ಮಾರಿದವನು, ನೀವು ಕೊಂಡವರು. ಮಿತಿ ದಾಟಿದ ವ್ಯವಹಾರವಾದರೆ, ಆ ತೆರಿಗೆ ಕಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಸೀರೆ ಕೊಡಬೇಕಾದ ಹೊಣೆ ನಿಮ್ಮದು. ಒಬ್ಬರೇ ಕೂತು ಪ್ಯಾಕಿಂಗ್ ಮಾಡಿ, ಕೊರಿಯರ್‌ಗೆ ಓಡಾಡುವವರ ಮೇಲೆ ಇದನ್ನು ಹೊರಿಸುವುದು ನ್ಯಾಯವಲ್ಲ.

ಹೊರದೇಶದ ಗಿರಾಕಿಯ ಮಾತಿಗೆ ಬಂದರೆ ದಾರಿ ಇನ್ನೂ ಇಕ್ಕಟ್ಟು. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ರಫ್ತು ಮಾಡಿದ ಮಾಲಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ಬರಬೇಕು. ನಿಮ್ಮ ವಾಲೆಟ್‌ಗೆ, ಅಂದರೆ ಕ್ರಿಪ್ಟೋ ಇಡುವ ಡಿಜಿಟಲ್ ಚೀಲಕ್ಕೆ, ಬಂದ ಯುಎಸ್‌ಡಿಟಿಯನ್ನು (ಡಾಲರ್ ಬೆಲೆಗೆ ಕಟ್ಟಿದ ಒಂದು ಕ್ರಿಪ್ಟೋ) ಬ್ಯಾಂಕ್ ರಫ್ತಿನ ಹಣವೆಂದು ಒಪ್ಪುವುದಿಲ್ಲ. ರಫ್ತಿನ ಹಣ ಬಂತೆಂಬ ಪ್ರಮಾಣಪತ್ರ ಸಿಗುವುದಿಲ್ಲ, ಜಿಎಸ್‌ಟಿ ವಾಪಸಾತಿಗೂ ತೊಡಕು. ಅಂದರೆ ಕ್ರಿಪ್ಟೋ ನಿಜವಾಗಿ ಉಪಯೋಗಕ್ಕೆ ಬರಬಹುದಾಗಿದ್ದ ಒಂದೇ ಜಾಗದಲ್ಲಿ ಬಾಗಿಲು ಮುಚ್ಚಿದೆ.

ಬಾಗಿಲು ಮುಚ್ಚಿದಾಗ ಕೆಲವರು ಕಿಟಕಿ ಹುಡುಕುತ್ತಾರೆ. ಯುಎಸ್‌ಡಿಟಿಯನ್ನು ಗುರುತಿಲ್ಲದವರಿಗೆ ಮಾರಿ ಖಾತೆಗೆ ರೂಪಾಯಿ ಹಾಕಿಸಿಕೊಳ್ಳುತ್ತಾರೆ. ಆ ರೂಪಾಯಿ ಯಾವುದೋ ಸೈಬರ್ ವಂಚನೆಯದ್ದಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಪತ್ರ ಬಂದು ಖಾತೆ ಫ್ರೀಜ್ ಆಗುತ್ತದೆ. ಕೂಲಿ ಕೊಡುವುದೂ ಅದೇ ಖಾತೆಯಿಂದ. ದಯವಿಟ್ಟು ಈ ಕೆಲಸ ಮಾತ್ರ ಮಾಡಬೇಡಿ.

2023ರ ಮಾರ್ಚ್‌ನಲ್ಲಿ ಸರ್ಕಾರ ಕ್ರಿಪ್ಟೋ ವಿನಿಮಯ ಕಂಪನಿಗಳನ್ನು ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ತಂದಿತು. ಒಳ್ಳೆಯದೇ. 2025ರ ಜುಲೈನಲ್ಲಿ ಅಮೆರಿಕ, ಡಾಲರ್ ಬೆಲೆಗೆ ಕಟ್ಟಿದ ಸ್ಟೇಬಲ್‌ಕಾಯಿನ್‌ಗಳಿಗೆ ಕಾನೂನು ಮಾಡಿತು. ಗಿರಾಕಿಯ ದೇಶದಲ್ಲಿ ಅದು ಮಾಮೂಲಿಯಾಗುತ್ತಾ ಹೋದಂತೆ ನಮ್ಮವರಿಗೆ ಆ ಪ್ರಶ್ನೆ ಇನ್ನೂ ಹೆಚ್ಚು ಬರುತ್ತದೆ. ಬೇಡ ಅನ್ನುವುದಾದರೆ ಸರ್ಕಾರ ಬಾಯಿಬಿಟ್ಟು ಬೇಡ ಅನ್ನಲಿ. ಬೇಕಾದರೆ ಸಣ್ಣ ರಫ್ತುದಾರರಿಗೆ ಬ್ಯಾಂಕಿನ ಮೂಲಕವೇ ಒಂದು ನೇರ ದಾರಿ ಮಾಡಿಕೊಡಲಿ. ತೆರಿಗೆ ವಸೂಲಿ ಮಾಡುತ್ತಾ ಸುಮ್ನೆ ಕೂರುವುದು ಸರಿಯಲ್ಲ.

ಅಲ್ಲಿಯವರೆಗೆ ನಾನಾದರೆ ಕ್ರಿಪ್ಟೋ ಬಟನ್ ಹಾಕುವುದಿಲ್ಲ. ಈಗಾಗಲೇ ತೆಗೆದುಕೊಂಡವರು ಬಿಲ್ಲನ್ನು ರೂಪಾಯಿಯಲ್ಲೇ ಮಾಡಿ. ಕಾಯಿನ್ ಬಂದ ದಿನ, ಹೊತ್ತು, ಆಗಿನ ರೂಪಾಯಿ ಬೆಲೆ, ವ್ಯವಹಾರದ ಗುರುತು ಸಂಖ್ಯೆ ಬರೆದಿಡಿ. ರಿಟರ್ನ್ ತುಂಬುವ ಮೊದಲು ಆ ಕಾಗದ ಹಿಡಿದು ನಿಮ್ಮ ಸಿಎ ಹತ್ತಿರ ಹೋಗಿ.