ಗಾಜಿನ ಹಂಚು ಹರಿಯುತ್ತದೆಯೇ?

ಬದಿಯಡ್ಕ ಕಡೆಯ ಓದುಗರೊಬ್ಬರ ಪ್ರಶ್ನೆ: "ಹಳೇ ಮನೆಯ ಮಾಡಿನಲ್ಲಿದ್ದ ಗಾಜಿನ ಹಂಚನ್ನು ಕೆಳಗಿಳಿಸಿದೆವು. ಒಂದು ತುದಿ ಜಾಸ್ತಿ ದಪ್ಪ ಇದೆ. ಗಾಜು ನಿಧಾನಕ್ಕೆ ಹರಿಯುವ ದ್ರವ ಅಂತ ಶಾಲೆಯಲ್ಲಿ ಕಲಿತ ನೆನಪು. ಇಷ್ಟು ವರ್ಷದಲ್ಲಿ ಅದು ಕೆಳಗೆ ಹರಿದು ಬಂದದ್ದಾ?"

ಅಲ್ಲ. ಆ ದಪ್ಪ ಹಂಚು ತಯಾರಾದ ದಿನದ್ದೇ. ಕರಗಿದ ಗಾಜನ್ನು ಅಚ್ಚಿನಲ್ಲಿ ಒತ್ತುವಾಗ ಒಂದು ಕಡೆ ಹೆಚ್ಚು ನಿಂತಿದೆ, ಅಷ್ಟೆ. ಯುರೋಪಿನ ಹಳೇ ಇಗರ್ಜಿಗಳ ಕಿಟಕಿ ಬಗ್ಗೆಯೂ ಜನ ಹೀಗೇ ಹೇಳುತ್ತಿದ್ದರು. 2017ರಲ್ಲಿ ಸಂಶೋಧಕರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗಾಜಿನಂಥದ್ದೇ ಗಾಜು ಮಾಡಿ ಲೆಕ್ಕ ಹಾಕಿದರು. ನೂರು ಕೋಟಿ ವರ್ಷಕ್ಕೆ ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೊಮೀಟರ್. ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಹಾಗಂತ ಶಾಲೆಯ ಮಾತು ಪೂರ್ತಿ ತಪ್ಪಲ್ಲ. ಅದನ್ನು ನೋಡಲು ಅಡುಗೆಮನೆಯೇ ಸಾಕು.

ಕಲ್ಲುಸಕ್ಕರೆ, ನೆಲಗಡಲೆ ಚಿಕ್ಕಿಯ ಪಾಕ: ಎರಡರಲ್ಲೂ ಹೆಚ್ಚಾಗಿ ಇರುವುದು ಒಂದೇ ಸಕ್ಕರೆಯ ಅಣು. ಕಲ್ಲುಸಕ್ಕರೆಯಲ್ಲಿ ಅಣುಗಳು ಸಾಲಾಗಿ ನಿಂತಿವೆ, ಅದು ಹರಳು. ಪಾಕ ಬೇರೆ. ಅಮ್ಮ ಹದ ನೋಡುವಾಗ ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತಾರೆ. ಬೆರಳಿಗೆ ಮೆತ್ತಗೆ ಸಿಕ್ಕಿದರೆ ಇನ್ನೂ ಕಾಯಿಸಬೇಕು. ತೆಗೆದು ತಟ್ಟೆಗೆ ಹಾಕಿದಾಗ ಠಣ್ ಅಂದರೆ ಹದ ಬಂತು. ಆ ಠಣ್ ಅನ್ನುವ ಹನಿಯೇ ಗಾಜು! ಬೇಗ ತಣಿದದ್ದರಿಂದ ಅಣುಗಳಿಗೆ ಸಾಲು ಕಟ್ಟಲು ಪುರುಸೊತ್ತು ಸಿಗಲಿಲ್ಲ. ದ್ರವದಲ್ಲಿ ಹೇಗಿದ್ದವೋ ಹಾಗೇ ಅಡ್ಡಾದಿಡ್ಡಿ ನಿಂತುಬಿಟ್ಟವು. ಜೋಡಣೆ ದ್ರವದ್ದು, ಗಟ್ಟಿತನ ಘನದ್ದು. ಜೋಡಣೆ ಹೆಚ್ಚೇನೂ ಬದಲಾಗದೆ ಹರಿವು ಮಾತ್ರ ಹೀಗೆ ನಿಂತುಹೋಗುವುದು ಯಾಕೆ ಅಂತ ವಿಜ್ಞಾನಿಗಳು ಇಂದಿಗೂ ತಲೆಕೆಡಿಸಿಕೊಂಡಿದ್ದಾರೆ. ನನಗಂತೂ ಇದು ತುಂಬ ಇಷ್ಟದ ಪ್ರಶ್ನೆ.

ನಿಮ್ಮ ಹಂಚೂ ಇದೇ ಜಾತಿಯದ್ದು. ಆದರೆ ಸಾಮಾನ್ಯ ಕಿಟಕಿ ಗಾಜು ಸಡಿಲವಾಗತೊಡಗುವುದು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಣ ಸಕ್ಕರೆಯ ಗಾಜು 60-70 ಡಿಗ್ರಿಯಲ್ಲೇ ಸಡಿಲ. ಅದಕ್ಕೆ ನೂರಕ್ಕೆ ನಾಲ್ಕೈದು ಪಾಲು ನೀರು ಸೇರಿದರೆ ಕೋಣೆಯ ಶಾಖವೇ ಸಾಕು. ನೀರಿನ ಚಿಕ್ಕ ಅಣು ಸಕ್ಕರೆ ಅಣುಗಳ ನಡುವೆ ನುಗ್ಗಿ ಅವುಗಳನ್ನು ಅಲುಗಾಡಲು ಬಿಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಚಿಕ್ಕಿ ಅಂಟಂಟಾಗುವುದು ಇದಕ್ಕೇ. ಬೆಲ್ಲದ್ದಾದರೆ ಇನ್ನೂ ಬೇಗ, ಬೆಲ್ಲ ನೀರೆಳೆಯುವುದು ಜಾಸ್ತಿ ಅಲ್ವಾ?

ಮಳೆ ಬಿಡದ ದಿನ ಒಂದು ತುಂಡು ಚಿಕ್ಕಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇನ್ನೊಂದನ್ನು ತಟ್ಟೆಯಲ್ಲಿ ಓರೆಯಾಗಿ ಬಿಡಿ. ಇರುವೆ ಬಾರದ ಹಾಗೆ ತಟ್ಟೆಯನ್ನು ನೀರಿನ ಪಾತ್ರೆಯೊಳಗಿಟ್ಟರೆ ಒಳ್ಳೆಯದು. ಎರಡು ಮೂರು ದಿನ ಬಿಟ್ಟು ಎರಡರ ಮೂಲೆಯನ್ನೂ ಬೆರಳಿನಲ್ಲಿ ಮುಟ್ಟಿ ನೋಡಿ.